ತಂತಿ ಸುರುಳಿ, ಲ್ಯಾಪ್‌ಟಾಪ್ ಮತ್ತು ಆಕಾಶದ ಛಾವಣಿ

ಇಂಟರ್ನೆಟ್‌ನಲ್ಲಿ ಸಿಕ್ಕ ಕೈಪಿಡಿ ನೋಡಿ ಮರದ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿ, ಲ್ಯಾಪ್‌ಟಾಪಿಗೆ ಜೋಡಿಸಿ, ಇಯರ್‌ಫೋನ್ ಹಾಕಿಕೊಂಡವರಿಗೆ ಮೊದಲು ಕೇಳಿಸುವುದು ಗುಂಯ್ ಎನ್ನುವ ಕರೆಂಟಿನ ಸದ್ದು. ಹತ್ತು ನಿಮಿಷ ಕಾದರೂ ಅದೇ. ಬಾಹ್ಯಾಕಾಶ ಸುತ್ತಿಬಂದ ರೇಡಿಯೋ ಅಲೆಗಳು ಸಿಳ್ಳೆಯಂತೆ ಕೇಳಿಸುತ್ತವೆ ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಇಲ್ಲಿ ಸಿಳ್ಳೆಯ ಸುಳಿವೂ ಇರುವುದಿಲ್ಲ. ಹ್ಯಾಮ್ ರೇಡಿಯೋ ಕಲಿಯುತ್ತಿರುವ ಹುಡುಗರು, ವಿಜ್ಞಾನ ಸಂಘ ನಡೆಸುವ ಮೇಷ್ಟ್ರುಗಳು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚಾಗಿ ಕೈಬಿಡುವುದು ಈ ಹಂತದಲ್ಲೇ.

ತಪ್ಪು ಅವರ ಕೈಗೆಲಸದಲ್ಲಿ ಇರುವುದಿಲ್ಲ. ಆ ಕೈಪಿಡಿಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕ, ಯುರೋಪಿನ ನೆಲಕ್ಕಾಗಿ ಬರೆದವು. ಕರ್ನಾಟಕ ಇರುವುದು ಭೂಮಿಯ ಕಾಂತೀಯ ಸಮಭಾಜಕದ ಮಗ್ಗುಲಲ್ಲಿ. ಅಲ್ಲಿ ಸುಲಭವಾಗಿ ದಕ್ಕುವುದು ಇಲ್ಲಿ ದಕ್ಕದು, ಇಲ್ಲಿ ಧಾರಾಳವಾಗಿ ಸಿಗುವುದನ್ನು ಆ ಕೈಪಿಡಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದ್ದರಿಂದ ನಮ್ಮ ಊರುಗಳಲ್ಲಿ ಏನನ್ನು ಹುಡುಕಬೇಕು, ಏನನ್ನು ಹುಡುಕಿ ರಾತ್ರಿ ಹಾಳುಮಾಡಿಕೊಳ್ಳಬಾರದು ಎನ್ನುವುದನ್ನು ಕಾರಣಸಮೇತ ಹೇಳುತ್ತೇನೆ.

ಯಾವ ಅಲೆಗಳು ಇವು?

3ರಿಂದ 30 ಕಿಲೋಹರ್ಟ್ಸ್ ನಡುವಿನ ರೇಡಿಯೋ ಅಲೆಗಳಿಗೆ ಅತಿ ಕಡಿಮೆ ಆವರ್ತನದ ಅಲೆಗಳು ಎಂದು ಹೆಸರು, ಚಿಕ್ಕದಾಗಿ ವಿಎಲ್‌ಎಫ್. ನಾವು ಕೇಳುವ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. 18.2 ಕಿಲೋಹರ್ಟ್ಸ್ ಅಲೆಯ ಉದ್ದ 16 ಕಿಲೋಮೀಟರಿಗೂ ಹೆಚ್ಚು. ಇಷ್ಟು ಉದ್ದದ ಅಲೆ ಸಮುದ್ರದ ನೀರಿನೊಳಕ್ಕೂ ಕೆಲವು ಮೀಟರ್ ಇಳಿಯುವುದರಿಂದ ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ನೌಕಾಪಡೆಗಳು ಇದನ್ನು ಬಳಸುತ್ತವೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂ ಬಳಿ 1990ರಲ್ಲಿ ಕೆಲಸ ಶುರುಮಾಡಿದ ಐಎನ್‌ಎಸ್ ಕಟ್ಟಬೊಮ್ಮನ್ ನಮ್ಮ ನೌಕಾಪಡೆಯ ಇಂಥ ಕೇಂದ್ರ. ಅದರ ಸಂಕೇತನಾಮ ವಿಟಿಎಕ್ಸ್. ಆಸ್ಟ್ರೇಲಿಯಾದ ವಾಯವ್ಯ ತುದಿಯಲ್ಲಿ ಎಕ್ಸ್‌ಮೌತ್ ಎಂಬಲ್ಲಿ ಇನ್ನೊಂದಿದೆ, ಎನ್‌ಡಬ್ಲ್ಯೂಸಿ. ಅದರ ಆವರ್ತನ 19.8 ಕಿಲೋಹರ್ಟ್ಸ್, ಶಕ್ತಿ 1 ಮೆಗಾವ್ಯಾಟ್, ಗೋಪುರಗಳು ಹದಿಮೂರು. ನಡುವಿನ ಗೋಪುರದ ಎತ್ತರ 387 ಮೀಟರ್.

ಮನುಷ್ಯರು ಕಟ್ಟಿದ ಈ ಕೇಂದ್ರಗಳ ಜೊತೆಗೆ ನಿಸರ್ಗದ ಪ್ರಸಾರವೂ ಇದೆ. ಜಗತ್ತಿನಲ್ಲಿ ಸೆಕೆಂಡಿಗೆ ಸರಾಸರಿ 40ಕ್ಕೂ ಹೆಚ್ಚು ಮಿಂಚುಗಳು ಹೊಳೆಯುತ್ತಿರುತ್ತವೆ. ಪ್ರತಿ ಮಿಂಚೂ ಇದೇ ಆವರ್ತನಗಳಲ್ಲಿ ಬಲವಾದ ರೇಡಿಯೋ ತುಡಿತವನ್ನು ಹೊಮ್ಮಿಸುತ್ತದೆ.

ಒಂದು ವಿಷಯ ಸ್ಪಷ್ಟವಿರಲಿ. ಈ ಆವರ್ತನಗಳಲ್ಲಿ ಹೆಚ್ಚಿನವು ನಮ್ಮ ಕಿವಿಯ ವ್ಯಾಪ್ತಿಯಲ್ಲೇ ಇದ್ದರೂ ಇವು ಸದ್ದಲ್ಲ, ವಿದ್ಯುತ್ಕಾಂತೀಯ ಅಲೆಗಳು. ತಂತಿಯಲ್ಲಿ ಇವು ಹುಟ್ಟಿಸುವ ಸಣ್ಣ ವೋಲ್ಟೇಜನ್ನು ಹಿಗ್ಗಿಸಿ ಇಯರ್‌ಫೋನಿಗೆ ಕೊಟ್ಟರೆ ಸದ್ದಾಗುತ್ತದೆ. ಟ್ಯೂನ್ ಮಾಡುವ ಕೆಲಸವೇ ಇಲ್ಲ. ಲ್ಯಾಪ್‌ಟಾಪಿನ ಸೌಂಡ್ ಕಾರ್ಡೇ ರೇಡಿಯೋ ಆಗುವುದು ಈ ಕಾರಣಕ್ಕೆ.

ನೆಲಕ್ಕೂ ಆಕಾಶಕ್ಕೂ ನಡುವೆ

ಸೂರ್ಯನ ನೇರಳಾತೀತ ಕಿರಣ ಮತ್ತು ಎಕ್ಸ್-ಕಿರಣಗಳು ಮೇಲಿನ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಡುಗಡೆ ಮಾಡುತ್ತವೆ. ಹೀಗಾದ ಅಯಾನುಮಂಡಲದ ಕೆಳಗಿನ ಅಂಚು ಹಗಲಿನಲ್ಲಿ ಸುಮಾರು 70 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಇದಕ್ಕೆ ಡಿ ಪದರ ಎನ್ನುತ್ತಾರೆ. ಸೂರ್ಯ ಮುಳುಗಿದ ಮೇಲೆ ಇಲ್ಲಿನ ಎಲೆಕ್ಟ್ರಾನ್‌ಗಳು ಬೇಗ ಅಣುಗಳೊಳಗೆ ಸೇರಿಕೊಳ್ಳುವುದರಿಂದ ಪದರ ಕರಗುತ್ತದೆ, ಅಲೆಗಳು ಪ್ರತಿಫಲಿಸುವ ಎತ್ತರ 85–90 ಕಿಲೋಮೀಟರಿಗೆ ಏರುತ್ತದೆ. ವಿಎಲ್‌ಎಫ್ ಅಲೆಗೆ ಕೆಳಗೆ ನೆಲವೂ ಮೇಲೆ ಈ ಪದರವೂ ಎರಡು ಗೋಡೆಗಳು. ಉದ್ದ ಓಣಿಯಲ್ಲಿ ಕೂಗಿದ ಕೂಗು ಗೋಡೆಯಿಂದ ಗೋಡೆಗೆ ಬಡಿಯುತ್ತಾ ದೂರ ಸಾಗುವಂತೆ ಅಲೆ ಈ ಎರಡರ ನಡುವೆ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಎಕ್ಸ್‌ಮೌತ್‌ನಿಂದ ಬೆಂಗಳೂರಿಗೆ ಸುಮಾರು 5,500 ಕಿಲೋಮೀಟರ್. ಅಷ್ಟು ದೂರದ ಪ್ರಸಾರ ಇಲ್ಲಿ ಸಿಗುವುದು ಈ ಛಾವಣಿಯ ದಯೆಯಿಂದ.

ಛಾವಣಿ ಎತ್ತರ ಬದಲಿಸಿದರೆ ಬಂದು ತಲುಪುವ ಅಲೆಯ ಬಲವೂ ಬದಲಾಗುತ್ತದೆ. ಈ ಹವ್ಯಾಸದ ಜೀವಾಳ ಇಷ್ಟೇ. ವಿಮಾನ ಏರಲಾರದ, ಉಪಗ್ರಹ ಇಳಿಯಲಾರದ ಒಂದು ಎತ್ತರದಲ್ಲಿ ಈ ಕ್ಷಣ ಏನಾಗುತ್ತಿದೆ ಎಂಬುದನ್ನು ನಿಮ್ಮ ಮನೆಯ ತಾರಸಿಯಲ್ಲಿರುವ ತಂತಿ ಹೇಳುತ್ತದೆ.

ಛಾವಣಿ ದಾಟಿ ಹೋಗುವ ಪಾಲು

ಇಷ್ಟು ಕಡಿಮೆ ಆವರ್ತನದ ಅಲೆ ಅಯಾನುಮಂಡಲವನ್ನು ದಾಟಲೇಬಾರದು, ಪೂರ್ತಿ ಹಿಂದಿರುಗಬೇಕು. ಆದರೆ ಭೂಮಿಗೆ ಕಾಂತಕ್ಷೇತ್ರವಿದೆ. ಕಾಂತರೇಖೆಯ ಸುತ್ತ ಎಲೆಕ್ಟ್ರಾನ್ ಯಾವ ದಿಕ್ಕಿಗೆ ಸುತ್ತುತ್ತದೆಯೋ ಅದೇ ದಿಕ್ಕಿಗೆ ತಿರುಗುತ್ತಾ ಸಾಗುವ ಅಲೆಗೆ ಮಾತ್ರ ದಾರಿ ತೆರೆಯುತ್ತದೆ. ಹೀಗೆ ನುಸುಳಿದ ಅಲೆ ಬೆಳಕಿನ ವೇಗ ಕಳೆದುಕೊಂಡು ನಿಧಾನವಾಗಿ, ಹೆಚ್ಚುಕಡಿಮೆ ಕಾಂತರೇಖೆಗುಂಟ ಬಾಗಿ, ಸಾವಿರಾರು ಕಿಲೋಮೀಟರ್ ಎತ್ತರಕ್ಕೇರಿ ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ. ದಾರಿಯಲ್ಲಿ ಹೆಚ್ಚಿನ ಆವರ್ತನಗಳು ಮುಂದೆ, ಕಡಿಮೆಯವು ಹಿಂದೆ. ಹಾಗಾಗಿ ಕ್ಷಣಮಾತ್ರದ ಮಿಂಚಿನ ತುಡಿತ ಅತ್ತ ತಲುಪುವಾಗ ಒಂದೆರಡು ಸೆಕೆಂಡು ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳೆಯಾಗಿರುತ್ತದೆ.

ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಟೆಲಿಫೋನ್ ಮಾತು ಕದ್ದು ಕೇಳಲು ಆಂಪ್ಲಿಫೈಯರ್ ಬಳಸುತ್ತಿದ್ದ ಜರ್ಮನ್ ಭೌತವಿಜ್ಞಾನಿ ಹೈನ್ರಿಶ್ ಬಾರ್ಕ್‌ಹೌಸನ್ ಈ ಸಿಳ್ಳೆಗಳನ್ನು ಕೇಳಿ 1919ರಲ್ಲಿ ವರದಿ ಮಾಡಿದರು. ಅವು ಬಾಹ್ಯಾಕಾಶ ಸುತ್ತಿಬರುತ್ತವೆ ಎಂದು ಕೇಂಬ್ರಿಜ್‌ನ ಓವನ್ ಸ್ಟೋರಿ 1953ರಲ್ಲಿ ತೋರಿಸಿದರು. ಸ್ಪುಟ್ನಿಕ್ ಹಾರುವ ಮೊದಲೇ, ನೆಲದ ಮೇಲೆ ಕುಳಿತು, ಅಷ್ಟು ಎತ್ತರದಲ್ಲಿ ಎಲೆಕ್ಟ್ರಾನ್‌ಗಳು ಎಷ್ಟಿವೆ ಎಂದು ಲೆಕ್ಕ ಹಾಕಿದ ಕೆಲಸ ಅದು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಂಟಾರ್ಕ್ಟಿಕಾದ ಸೈಪಲ್ ಕೇಂದ್ರದ ಹಿಮದ ಮೇಲೆ 21 ಕಿಲೋಮೀಟರ್ ಉದ್ದದ ಆಂಟೆನಾ ಹಾಸಿ 1973ರಿಂದ ಬೇಕೆಂದೇ ಇಂಥ ಅಲೆಗಳನ್ನು ಕಳಿಸಿದರು. ಕಾಂತರೇಖೆಯ ಇನ್ನೊಂದು ತುದಿಯಾದ ಕೆನಡಾದ ರೋಬರ್ವಾಲ್‌ನಲ್ಲಿ ಅವು ಸಿಕ್ಕವು, ಕೆಲವೊಮ್ಮೆ ದಾರಿಯಲ್ಲಿ ಬಲ ಹೆಚ್ಚಿಸಿಕೊಂಡು ಬಂದವು! ಎನ್‌ಡಬ್ಲ್ಯೂಸಿಯ ಅಲೆಗಳು ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಯ ಎಲೆಕ್ಟ್ರಾನ್‌ಗಳನ್ನು ಕದಲಿಸಿ ವಾತಾವರಣಕ್ಕೆ ಬೀಳಿಸುತ್ತವೆ ಎಂಬುದನ್ನು 2004ರಲ್ಲಿ ಹಾರಿದ ಫ್ರಾನ್ಸಿನ ಡಿಮಿಟರ್ ಉಪಗ್ರಹ ಕಂಡಿತು. ಜಲಾಂತರ್ಗಾಮಿಗಾಗಿ ಕಳಿಸಿದ ಸಂದೇಶದ ಒಂದು ಪಾಲು ಭೂಮಿಯ ಸುತ್ತಲಿನ ಆಕಾಶವನ್ನೇ ಬದಲಿಸುತ್ತಿದೆ. ಈ ಸಂಗತಿಗೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಕರ್ನಾಟಕದಲ್ಲಿ ಸಿಳ್ಳೆ ಏಕೆ ಸಿಗದು?

ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಅಲ್ಲಿ ಕಾಂತರೇಖೆಗಳು ನೆಲಕ್ಕೆ ಸಮಾನಾಂತರ. ಬೆಂಗಳೂರಿನ ಕಾಂತೀಯ ಅಕ್ಷಾಂಶ ಸುಮಾರು 5 ಡಿಗ್ರಿ. ಇಲ್ಲಿನ ನೆಲದಿಂದ ಹೊರಡುವ ಕಾಂತರೇಖೆ ಹೆಚ್ಚೆಂದರೆ 50 ಕಿಲೋಮೀಟರ್ ಆಸುಪಾಸು ಎತ್ತರಕ್ಕೇರಿ ಮತ್ತೆ ನೆಲಕ್ಕಿಳಿಯುತ್ತದೆ, ಅಯಾನುಮಂಡಲದ ತಳವನ್ನೂ ಮುಟ್ಟುವುದಿಲ್ಲ. ಬೀದರ್‌ನ ರೇಖೆಯೂ 200 ಕಿಲೋಮೀಟರ್ ಒಳಗೇ ಬಾಗುತ್ತದೆ. ಬಾಹ್ಯಾಕಾಶಕ್ಕೆ ಕರೆದೊಯ್ದು ಮರಳಿ ತರುವ ದಾರಿಯೇ ನಮ್ಮ ತಲೆಯ ಮೇಲಿಲ್ಲ. ವಾರಾಣಸಿ, ನೈನಿತಾಲ್, ಗುಲ್ಮಾರ್ಗ್‌ಗಳಲ್ಲಿ ಭಾರತೀಯ ವಿಜ್ಞಾನಿಗಳು ಸಿಳ್ಳೆ ದಾಖಲಿಸಿದ್ದಾರೆ. ಅವು ನಮಗಿಂತ ಬಹಳ ಉತ್ತರದ ಊರುಗಳು, ಅಲ್ಲಿಯೂ ಅದು ಅಪರೂಪದ ಅತಿಥಿ.

ಟೊರಾಂಟೊ, ಬಾಸ್ಟನ್, ಎಡಿನ್‌ಬರೊ, ವೆಲಿಂಗ್ಟನ್‌ನಂಥ ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಮಾತು ಬೇರೆ. ನಡುರಾತ್ರಿ ಕಳೆದ ಮೇಲಿಂದ ಬೆಳಗಿನ ಜಾವದವರೆಗೆ ಊರಾಚೆ ಹೋಗಿ ಕೇಳಿದರೆ ಸಿಳ್ಳೆ ಸಿಗುವ ಅವಕಾಶ ಅವರಿಗೆ ಚೆನ್ನಾಗಿದೆ.

ನಮಗೆ ದಕ್ಕುವುದು ಎರಡು. ರಾತ್ರಿ ಹೊತ್ತು ಟ್ವೀಕ್ ಎಂಬ ಪುಟ್ಟ ಸದ್ದು, ಹಗಲು ಹೊತ್ತು ಸೌರಜ್ವಾಲೆಯ ಗುರುತು. ಎರಡರಿಂದಲೂ ಆಕಾಶದ ಛಾವಣಿಯನ್ನು ಅಳೆಯಬಹುದು.

ಬೇಕಾಗುವ ಸಾಮಾನು

ಒಂದು ಮೀಟರ್ ಉದ್ದಗಲದ ಮರದ ಚೌಕಟ್ಟು. ಕಬ್ಬಿಣದ್ದು ಬೇಡ. ಅದಕ್ಕೆ 50 ಸುತ್ತು, ಅಂದರೆ 200 ಮೀಟರ್, ಅರ್ಧ ಮಿಲಿಮೀಟರ್ ದಪ್ಪದ ಎನಾಮಲ್ ತಾಮ್ರದ ತಂತಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ, 25 ಗೇಜ್ ತಂತಿ ಎಂದು ಕೇಳಿ. 350 ಗ್ರಾಂ ಬೇಕಾಗುವುದರಿಂದ 400 ಗ್ರಾಂ ತಂದಿಟ್ಟುಕೊಳ್ಳಿ. ಪ್ರತ್ಯೇಕ ಮೈಕ್ ಸಾಕೆಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಕೆಲವು ಮೀಟರ್ ಶೀಲ್ಡೆಡ್ ಕೇಬಲ್. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಎಲ್ಲವೂ ಒಂದೇ ಬೀದಿಯಲ್ಲಿ ಸಿಗುತ್ತವೆ. ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಮತ್ತು ಸ್ಪೆಕ್ಟ್ರಮ್ ಲ್ಯಾಬ್ ತಂತ್ರಾಂಶಗಳು ಸಾಕು, ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಕಟ್ಟುವ ಮೊದಲು ಸಂಕೇತಗಳು ಹೇಗೆ ಕಾಣುತ್ತವೆ ಎಂದು ತಿಳಿಯಬೇಕಿದ್ದರೆ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ರೇಡಿಯೋವನ್ನು ಬ್ರೌಸರ್‌ನಲ್ಲಿ ತೆರೆದು 15–25 ಕಿಲೋಹರ್ಟ್ಸ್ ಭಾಗವನ್ನು ನೋಡಿ. ಯುರೋಪಿನ ನೌಕಾ ಕೇಂದ್ರಗಳು ಪಟ್ಟಿಪಟ್ಟಿಯಾಗಿ ಕಾಣುತ್ತವೆ. ಕಣ್ಣು ಪಳಗಲು ಅದು ಒಳ್ಳೆಯ ದಾರಿ.

ಜೋಡಿಸುವ ಕ್ರಮ

1. ತಂತಿಯನ್ನು ಒಂದೇ ದಿಕ್ಕಿನಲ್ಲಿ ಸುತ್ತಿ. ಸುತ್ತಿನ ನಡುವೆ ದಿಕ್ಕು ತಪ್ಪಿದರೆ ಅಷ್ಟು ಸುತ್ತುಗಳು ಒಂದನ್ನೊಂದು ಹೊಡೆದುಹಾಕುತ್ತವೆ.

2. ತುದಿಗಳ ಎನಾಮಲನ್ನು ಉಜ್ಜುಕಾಗದದಿಂದ ಪೂರ್ತಿ ಕೆರೆದು ಮಲ್ಟಿಮೀಟರ್ ಹಿಡಿಯಿರಿ. 17–18 ಓಮ್ ಬರಬೇಕು. ಏನೂ ಬರದಿದ್ದರೆ ಎನಾಮಲ್ ಹೋಗಿಲ್ಲ ಅಥವಾ ತಂತಿ ತುಂಡಾಗಿದೆ. ತೀರಾ ಕಡಿಮೆ ಬಂದರೆ ಸುತ್ತುಗಳ ನಡುವೆ ಎಲ್ಲೋ ಶಾರ್ಟ್ ಆಗಿದೆ.

3. ಒಂದು ತುದಿಯನ್ನು ಕೆಪಾಸಿಟರ್ ಮೂಲಕ ಮೈಕ್ ಸಾಕೆಟ್‌ನ ಸಿಗ್ನಲ್ ಕಡೆಗೆ, ಇನ್ನೊಂದನ್ನು ಗ್ರೌಂಡಿಗೆ ಕೊಡಿ. ಮೈಕ್ ಸಾಕೆಟ್ ತಾನೇ ಎರಡು ಮೂರು ವೋಲ್ಟ್ ಡಿಸಿ ಹೊರಬಿಡುತ್ತದೆ. ಅದು ಸುರುಳಿಯಲ್ಲಿ ಹರಿಯದಂತೆ ಕೆಪಾಸಿಟರ್ ತಡೆಯುತ್ತದೆ.

4. ಲ್ಯಾಪ್‌ಟಾಪಿನ ಧ್ವನಿ ಸೆಟ್ಟಿಂಗ್‌ನಲ್ಲಿ ಗದ್ದಲ ತಗ್ಗಿಸುವ, ಧ್ವನಿ ಉತ್ತಮಗೊಳಿಸುವ, ಬಲವನ್ನು ತಾನೇ ಹೊಂದಿಸುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ. ಅವು ಮಾತಿನ ಧ್ವನಿಗಾಗಿ ಇರುವಂಥವು. ನಿಮಗೆ ಬೇಕಾದ ಅಲೆಯನ್ನೇ ಗದ್ದಲವೆಂದು ತಿಳಿದು ಅಳಿಸಿಬಿಡುತ್ತವೆ.

5. ಸ್ಯಾಂಪಲ್ ದರ 48 ಕಿಲೋಹರ್ಟ್ಸ್ ಅಥವಾ ಹೆಚ್ಚಿರಲಿ. ದರದ ಅರ್ಧದಷ್ಟು ಆವರ್ತನದವರೆಗೆ ಮಾತ್ರ ಕಾಣಿಸುವುದರಿಂದ 48ಕ್ಕೆ 24 ಕಿಲೋಹರ್ಟ್ಸ್ ಮಿತಿ. ವಿಟಿಎಕ್ಸ್ ಬಳಸುವ 18.2, ಎನ್‌ಡಬ್ಲ್ಯೂಸಿಯ 19.8, ಜಪಾನಿನ ಎಬಿನೊ ಕೇಂದ್ರದ 22.2 ಮೂರೂ ಇದರೊಳಗೆ ಬರುತ್ತವೆ. ಕಾರ್ಡ್ ಅಗ್ಗದ್ದಾದರೆ ಕೊನೆಯದು ಮಸುಕಾಗಬಹುದು.

6. ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ. ಅದರ ಅಂಚು ಯಾವ ದಿಕ್ಕಿಗಿದೆಯೋ ಆ ಕಡೆಯ ಅಲೆ ಬಲವಾಗಿ ಸಿಗುತ್ತದೆ, ಮುಖ ಯಾವ ದಿಕ್ಕಿಗಿದೆಯೋ ಆ ಕಡೆಯದು ಸಿಗುವುದೇ ಇಲ್ಲ. ಬೆಂಗಳೂರಿನಿಂದ ವಿಜಯನಾರಾಯಣಂ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಸುಮಾರು 500 ಕಿಲೋಮೀಟರ್. ಚೌಕಟ್ಟನ್ನು ಉತ್ತರ–ದಕ್ಷಿಣವಾಗಿ ನಿಲ್ಲಿಸಿ. ಎಕ್ಸ್‌ಮೌತ್ ಸರಿಯಾಗಿ ಆಗ್ನೇಯಕ್ಕಿದೆ. ಬೇರೆ ಊರಿನವರು ನಿಧಾನವಾಗಿ ತಿರುಗಿಸಿ ನೋಡಿ, ಸಂಕೇತ ಮಾಯವಾಗುವ ಕೋನ ಬೇಗ ತಿಳಿಯುತ್ತದೆ. ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಸರಿಯಾದ ದಿಕ್ಕು.

ಪರದೆಯ ಮೇಲೆ ನೌಕಾ ಕೇಂದ್ರದ ಸಂಕೇತ ತೆಳುಗೆರೆಯಲ್ಲ, ಸುಮಾರು 200 ಹರ್ಟ್ಸ್ ಅಗಲದ ಪಟ್ಟಿ. ಅದು ಜಾಗ ಬಿಟ್ಟು ಕದಲುವುದಿಲ್ಲ. ಅತ್ತಿತ್ತ ಜಾರುವ, ಅಲುಗುವ ಗೆರೆ ಕಂಡರೆ ಅದು ಪಕ್ಕದ ಮನೆಯ ಚಾರ್ಜರೋ ಎಲ್‌ಇಡಿ ಬಲ್ಬೋ ಆಗಿರುತ್ತದೆ. ವಿಟಿಎಕ್ಸ್‌ಗೆ ಮೈಕ್ ಸಾಕೆಟ್ಟೇ ಸಾಕಾಗುವುದುಂಟು. ಎನ್‌ಡಬ್ಲ್ಯೂಸಿ ಮಸುಕಾಗಿದ್ದರೆ ನಡುವೆ ಎನ್‌ಇ 5534ನಂಥ ಕಡಿಮೆ ಗದ್ದಲದ ಐಸಿ ಬಳಸಿದ ಪ್ರೀಆಂಪ್ ಸೇರಿಸಿ, ಬ್ಯಾಟರಿಯಿಂದ ನಡೆಸಿ.

ಕರೆಂಟಿನ ಗುಂಯ್ ಕಳೆದುಕೊಳ್ಳುವುದು

ಮನೆ ಕರೆಂಟಿನ 50 ಹರ್ಟ್ಸ್ ಒಂದೇ ಆಗಿದ್ದರೆ ಫಿಲ್ಟರ್ ಹಾಕಿ ಮುಗಿಸಬಹುದಿತ್ತು. ಅದರ ಗುಣಕಗಳು 100, 150, 200 ಎನ್ನುತ್ತಾ ಹಲವು ಸಾವಿರ ಹರ್ಟ್ಸ್‌ವರೆಗೆ ಏಣಿಯ ಮೆಟ್ಟಿಲಾಗಿ ಏರುತ್ತವೆ, ಟ್ವೀಕ್ ಸಿಗುವುದೂ ಅಲ್ಲೇ. ತಂತ್ರಾಂಶದಿಂದ ಇದನ್ನು ತೊಳೆಯಲು ಹೋದರೆ ಟ್ವೀಕ್ ಕೂಡ ತೊಳೆದುಹೋಗುತ್ತದೆ. ಉಪಾಯ ಒಂದೇ, ದೂರ ಹೋಗುವುದು.

ಲೈನು, ಟಿಸಿ, ಪಂಪ್‌ಸೆಟ್‌ಗಳಿಂದ ಕನಿಷ್ಠ ಅರ್ಧ ಕಿಲೋಮೀಟರ್, ಸಾಧ್ಯವಾದರೆ ಇನ್ನೂ ದೂರ. ಕೆರೆಯಂಗಳ, ಬಯಲು, ಗೋಮಾಳ ಒಳ್ಳೆಯವು. ಹೈಟೆನ್ಷನ್ ಲೈನು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಜಾಗ ಬದಲಿಸಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಇರಲಿ, ಸುರುಳಿ ಅದರಿಂದ ನಾಲ್ಕೈದು ಮೀಟರ್ ಆಚೆ ಇರಲಿ. ಹಳ್ಳಿಯಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. ಇಡೀ ಊರಿಗೆ ಕರೆಂಟ್ ಹೋದಾಗ ಸಿಗುವ ನಿಶ್ಶಬ್ದ ಯಾವ ಬಯಲಿಗೂ ಕಡಿಮೆಯಲ್ಲ. ಆಗ ಮನೆಯ ಯುಪಿಎಸ್ ಮಾತ್ರ ಆಫ್ ಇರಬೇಕು, ಅದರ ಇನ್ವರ್ಟರ್ ಲೈನಿಗಿಂತ ಕೆಟ್ಟ ಗದ್ದಲ ಮಾಡುತ್ತದೆ.

ನೌಕಾ ಕೇಂದ್ರಗಳ ದಾಖಲಾತಿಗೆ ಇಷ್ಟು ಕಷ್ಟಪಡಬೇಕಿಲ್ಲ. 18 ಕಿಲೋಹರ್ಟ್ಸ್ ಹೊತ್ತಿಗೆ ಲೈನಿನ ಗುಂಯ್ ಬಹಳ ಕುಗ್ಗಿರುತ್ತದೆ. ತಾರಸಿಯ ಮೂಲೆ ಸಾಕು.

ರಾತ್ರಿಯ ಕೆಲಸ: ಟ್ವೀಕ್ ಹಿಡಿದು ಎತ್ತರ ಅಳೆಯುವುದು

ದೂರದ ಮಿಂಚಿನ ತುಡಿತದಲ್ಲಿ ಎಲ್ಲ ಆವರ್ತನಗಳೂ ಒಟ್ಟಿಗೆ ಹೊರಡುತ್ತವೆ. ನೆಲ ಮತ್ತು ಛಾವಣಿಯ ನಡುವಿನ ಅಂತರ ಅಲೆಯುದ್ದದ ಅರ್ಧಕ್ಕಿಂತ ಕಿರಿದಾದರೆ ಗೋಡೆಗಳ ನಡುವೆ ಬಡಿದು ಸಾಗುವ ಬಗೆಯ ಅಲೆಗೆ ಒಳಗೆ ಹಿಡಿಸಲು ಜಾಗವಿಲ್ಲ. ಛಾವಣಿ 88 ಕಿಲೋಮೀಟರಿನಲ್ಲಿದ್ದರೆ ಆ ಮಿತಿ ಸುಮಾರು 1,700 ಹರ್ಟ್ಸ್. ಮಿತಿಯ ಹತ್ತಿರದ ಆವರ್ತನಗಳು ತೆವಳುತ್ತಾ ಬರುತ್ತವೆ. 5,000 ಹರ್ಟ್ಸ್‌ನದು ಬೆಳಕಿನ ವೇಗದ ಶೇ. 94ರಷ್ಟು ವೇಗದಲ್ಲಿ ಬಂದರೆ 1,800 ಹರ್ಟ್ಸ್‌ನದು ಮೂರನೇ ಒಂದು ಪಾಲು ವೇಗದಲ್ಲಿ. ತುಡಿತದ ಬಾಲ ಹೀಗೆ ಹಿಂದುಳಿದು, ಕೆಳಕ್ಕೆ ಬಾಗಿ, ಒಂದು ಆವರ್ತನದಲ್ಲಿ ತಟ್ಟನೆ ನಿಲ್ಲುತ್ತದೆ. ಅದೇ ಟ್ವೀಕ್. ಕಿವಿಗೆ ಪಿಂವ್, ಪಿಂವ್ ಎಂದು ಕೇಳಿಸುತ್ತದೆ. ಹಗಲಿನಲ್ಲಿ ಡಿ ಪದರ ಈ ಬಾಲವನ್ನು ಹೀರಿಬಿಡುವುದರಿಂದ ಬರೀ ಚಟಪಟ ಉಳಿಯುತ್ತದೆ.

1. ಡಿಸೆಂಬರ್–ಜನವರಿಯ ರಾತ್ರಿಗಳನ್ನು ಆರಿಸಿಕೊಳ್ಳಿ. ನಮ್ಮಲ್ಲಿ ಆಕಾಶ ತಿಳಿಯಾಗಿರುತ್ತದೆ, ದಕ್ಷಿಣ ಗೋಳಾರ್ಧದಲ್ಲಿ ಗುಡುಗಿನ ಕಾಲ. ದೂರದ ಮಿಂಚೇ ನಮಗೆ ಬೇಕಾದದ್ದು.

2. ಕತ್ತಲಾಗಿ ಒಂದೆರಡು ಗಂಟೆಯ ನಂತರ ಐದೈದು ನಿಮಿಷದ ದಾಖಲೆ ಮಾಡಿ. ವೇವ್ ಫೈಲಾಗಿಯೇ ಉಳಿಸಿ.

3. ಆಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿ, ವಿಂಡೋ ಗಾತ್ರ 1024 ಇಡಿ, 0–6 ಕಿಲೋಹರ್ಟ್ಸ್ ಮಾತ್ರ ತೋರಿಸಿ. ಲಂಬ ಗೆರೆಗಳೆಲ್ಲ ಮಿಂಚುಗಳು. ಕೆಳಗೆ ಕೊಕ್ಕೆಯಂತೆ ಬಲಕ್ಕೆ ಬಾಗಿದವು ಟ್ವೀಕ್‌ಗಳು.

4. ಉದ್ದ ಬಾಲದ ಹತ್ತು ಹನ್ನೆರಡನ್ನು ಆರಿಸಿ, ಬಾಲ ಯಾವ ಆವರ್ತನದಲ್ಲಿ ನಿಂತಿದೆ ಎಂದು ಬರೆದುಕೊಳ್ಳಿ.

5. 1,50,000ವನ್ನು ಆ ಹರ್ಟ್ಸ್ ಸಂಖ್ಯೆಯಿಂದ ಭಾಗಿಸಿ. ಬಂದದ್ದು ಛಾವಣಿಯ ಎತ್ತರ, ಕಿಲೋಮೀಟರಿನಲ್ಲಿ. 1,800 ಹರ್ಟ್ಸ್ ಆದರೆ 83, 1,700 ಆದರೆ 88.

ಈ ವಿಂಡೋ ಗಾತ್ರದಲ್ಲಿ ಆವರ್ತನವನ್ನು ಸುಮಾರು 47 ಹರ್ಟ್ಸ್‌ಗಿಂತ ಸೂಕ್ಷ್ಮವಾಗಿ ಓದಲಾಗದು, ಅಂದರೆ ಎತ್ತರದಲ್ಲಿ ಎರಡೂವರೆ ಕಿಲೋಮೀಟರ್ ಆಚೀಚೆ. ಹಲವು ಟ್ವೀಕ್‌ಗಳ ಸರಾಸರಿ ತೆಗೆಯಲು ಹೇಳುವುದು ಅದಕ್ಕೇ. ಪಿಯುಸಿ ವಿದ್ಯಾರ್ಥಿಯೂ ಮಾಡಬಹುದಾದ ಭಾಗಾಕಾರ ಇದು. ರಾಕೆಟ್ ಬೇಕಾಗುವ ಅಳತೆಯೊಂದು ನೋಟ್‌ಬುಕ್ಕಿನಲ್ಲಿ ಇಳಿದು ಬರುವುದನ್ನು ಶಾಲೆಯ ಮಕ್ಕಳಿಗೆ ತೋರಿಸಲೇಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಹಗಲಿನ ಕೆಲಸ: ಸೌರಜ್ವಾಲೆಯ ಗುರುತು

ಸೂರ್ಯನ ಮೇಲೆ ಜ್ವಾಲೆ ಎದ್ದಾಗ ಎಕ್ಸ್-ಕಿರಣಗಳು ಎಂಟು ನಿಮಿಷದಲ್ಲಿ ಇಲ್ಲಿಗೆ ತಲುಪಿ ಡಿ ಪದರವನ್ನು ದಟ್ಟಗೊಳಿಸುತ್ತವೆ, ಛಾವಣಿ ಕೆಳಗಿಳಿಯುತ್ತದೆ. ನೌಕಾ ಕೇಂದ್ರದ ಸಂಕೇತದ ಬಲ ಕೆಲವೇ ನಿಮಿಷಗಳಲ್ಲಿ ಜಿಗಿದು, ಅರ್ಧ ಗಂಟೆ ಒಂದು ಗಂಟೆಯಲ್ಲಿ ಮೆಲ್ಲಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಕೆಲವು ದಾರಿಗಳಲ್ಲಿ ಏರುವ ಬದಲು ಕುಸಿಯುವುದೂ ಉಂಟು. ಬೇರೆ ಬೇರೆ ದಾರಿಯಿಂದ ಬಂದ ಅಲೆಗಳು ಒಂದನ್ನೊಂದು ಕಳೆಯುವುದರಿಂದ ಹೀಗಾಗುತ್ತದೆ, ಉಪಕರಣ ಕೆಟ್ಟಿದೆ ಎಂದುಕೊಳ್ಳಬೇಡಿ.

ಸ್ಪೆಕ್ಟ್ರಮ್ ಲ್ಯಾಬ್‌ನಲ್ಲಿ 18.2 ಮತ್ತು 19.8 ಕಿಲೋಹರ್ಟ್ಸ್ ಸುತ್ತಲಿನ 200 ಹರ್ಟ್ಸ್ ಪಟ್ಟಿಯ ಬಲವನ್ನು ಐದು ಸೆಕೆಂಡಿಗೊಮ್ಮೆ ಬರೆದಿಡುವಂತೆ ಹೊಂದಿಸಿ, ಹಗಲು ರಾತ್ರಿ ಓಡಲು ಬಿಡಿ. ಮೊದಲ ಒಂದು ವಾರ ಏನನ್ನೂ ತೀರ್ಮಾನಿಸಬೇಡಿ. ಸಾಮಾನ್ಯ ದಿನದ ರೇಖೆ ಹೇಗಿರುತ್ತದೆ ಎಂದು ತಿಳಿಯದೆ ವಿಶೇಷವನ್ನು ಗುರುತಿಸಲಾಗದು. ಎಕ್ಸ್‌ಮೌತ್‌ನಲ್ಲಿ ನಮಗಿಂತ ಸುಮಾರು ಎರಡೂವರೆ ಗಂಟೆ ಮೊದಲು ಬೆಳಗಾಗುತ್ತದೆ. ಆ ಹೊತ್ತಿನಲ್ಲಿ ದಾರಿಯ ಅರ್ಧ ಬೆಳಕಲ್ಲಿ, ಅರ್ಧ ಕತ್ತಲಲ್ಲಿ ಇರುವುದರಿಂದ ರೇಖೆಯಲ್ಲಿ ಆಳವಾದ ತಗ್ಗುಗಳು ಕಾಣುತ್ತವೆ. ದಿನವೂ ಬರುವ ಈ ತಗ್ಗುಗಳೇ ನಿಮ್ಮ ಉಪಕರಣ ಸರಿಯಿದೆ ಎಂಬುದಕ್ಕೆ ಪ್ರಮಾಣಪತ್ರ.

ಜ್ವಾಲೆ ಅನ್ನಿಸಿದ್ದನ್ನು ಅಮೆರಿಕದ ನೋವಾ ಸಂಸ್ಥೆ ಬಿಡುಗಡೆ ಮಾಡುವ ಗೋಸ್ ಉಪಗ್ರಹದ ಎಕ್ಸ್-ಕಿರಣ ನಕ್ಷೆಯ ಜೊತೆ ಹೋಲಿಸಿ. ಅಲ್ಲಿ ಜ್ವಾಲೆಗಳನ್ನು ಎ, ಬಿ, ಸಿ, ಎಂ, ಎಕ್ಸ್ ಎಂದು ವರ್ಗ ಮಾಡಿರುತ್ತಾರೆ. ಎಂ ಮತ್ತು ಎಕ್ಸ್ ವರ್ಗದವು ಹಗಲಿನಲ್ಲಿ ತಪ್ಪದೆ ಗುರುತು ಬಿಡುತ್ತವೆ, ಸಿ ವರ್ಗದ ದೊಡ್ಡವೂ ಸಿಗುತ್ತವೆ.

ಎಚ್ಚರಿಕೆಗಳು

ಸಿಡಿಲು. ನಮ್ಮ ಅಲೆಗಳ ತಾಯಿ ಮಿಂಚೇ ಆದರೂ ಹತ್ತಿರದ ಮಿಂಚಿನ ಜೊತೆ ಆಟ ಬೇಡ. ಏಪ್ರಿಲ್–ಮೇ ತಿಂಗಳ ಸಂಜೆ, ಅಕ್ಟೋಬರ್‌ನ ಹಿಂಗಾರು ಹೊತ್ತು ಬಯಲಲ್ಲಾಗಲಿ ತಾರಸಿಯಲ್ಲಾಗಲಿ ನಿಲ್ಲಬಾರದು. ಗುಡುಗು ಕಿವಿಗೆ ಬಿದ್ದ ಕ್ಷಣ ಕೇಬಲ್ ಕಿತ್ತು ಒಳಗೆ ಹೋಗಿ. ತಾರಸಿಯ ಸುರುಳಿಯನ್ನು ಮಳೆಗಾಲದಲ್ಲಿ ಜೋಡಿಸಿಯೇ ಬಿಡಬೇಡಿ.

ಕರೆಂಟ್. ಮನೆಯ ವೈರಿಂಗ್, ಅರ್ಥಿಂಗ್ ತಂತಿ ಇವುಗಳನ್ನು ಆಂಟೆನಾ ಆಗಿ ಬಳಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಸೌಂಡ್ ಕಾರ್ಡ್ ಮಾತ್ರವಲ್ಲ, ಜೀವವೂ ಹೋಗುತ್ತದೆ.

ಬಯಲು. ರಾತ್ರಿ ಒಬ್ಬರೇ ಹೋಗಬೇಡಿ. ಟಾರ್ಚು, ಮುಚ್ಚಿದ ಚಪ್ಪಲಿ ಇರಲಿ. ಜಮೀನಿನವರಿಗೆ ಮೊದಲೇ ಹೇಳಿ, ರಾತ್ರಿ ತಂತಿ ಹಿಡಿದು ನಿಂತವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ.

ಕಾನೂನು. ನಾವು ಅಳೆಯುವುದು ಸಂಕೇತದ ಬಲವನ್ನು ಮಾತ್ರ. ಅದರೊಳಗಿನ ಸಂದೇಶ ಗೂಢಲಿಪಿಯಲ್ಲಿರುತ್ತದೆ, ಅದು ನಮಗೆ ಸಂಬಂಧಪಟ್ಟದ್ದಲ್ಲ. ರಕ್ಷಣಾ ಕೇಂದ್ರಗಳ ಹತ್ತಿರ ಹೋಗುವುದು, ಫೋಟೋ ತೆಗೆಯುವುದು ಕೂಡದು. ಪರವಾನಗಿ ಬೇಕಾದ ಆವರ್ತನಗಳಲ್ಲಿ ಅದಿಲ್ಲದೆ ಪ್ರಸಾರ ಮಾಡುವುದು ಅಪರಾಧ.

ಹೆಚ್ಚಾಗಿ ಆಗುವ ತಪ್ಪುಗಳು

ಫೈಲನ್ನು ಎಂಪಿ3 ಮಾಡಿ ಉಳಿಸುವುದು. ಕಿವಿಗೆ ಅಷ್ಟಾಗಿ ಕೇಳದ ಭಾಗವನ್ನು ಎಂಪಿ3 ಕತ್ತರಿಸಿ ಎಸೆಯುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ 16 ಕಿಲೋಹರ್ಟ್ಸ್ ಮೇಲೆ ಏನೂ ಉಳಿಯದು, ನೌಕಾ ಕೇಂದ್ರಗಳೆಲ್ಲ ಮಾಯ. ವಾಟ್ಸ್ಆ್ಯಪ್‌ನಲ್ಲಿ ಆಡಿಯೋ ಆಗಿ ಕಳಿಸಿದರೂ ಅದೇ ಗತಿ.

ಸಮಯದ ಗೊಂದಲ. ನೋವಾದ ನಕ್ಷೆ ಜಾಗತಿಕ ಸಮಯದಲ್ಲಿರುತ್ತದೆ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಮಧ್ಯಾಹ್ನ 12:30ರ ಜಿಗಿತವನ್ನು ಅಲ್ಲಿ 07:00ಕ್ಕೆ ಹುಡುಕಬೇಕು. ಲ್ಯಾಪ್‌ಟಾಪಿನ ಗಡಿಯಾರ ಇಂಟರ್ನೆಟ್ ಜೊತೆ ಹೊಂದಿಕೊಂಡಿರಲಿ.

ಕೇಂದ್ರ ಬಂದ್ ಆದದ್ದನ್ನು ಜ್ವಾಲೆ ಎಂದು ತಿಳಿಯುವುದು. ದುರಸ್ತಿಗಾಗಿ ಈ ಕೇಂದ್ರಗಳು ಆಗಾಗ ನಿಲ್ಲುತ್ತವೆ. ಆಗ ರೇಖೆ ಗೋಡೆಯಂತೆ ನೇರ ಬಿದ್ದು, ನೇರ ಏಳುತ್ತದೆ. ಜ್ವಾಲೆಯ ಏರು ಅಥವಾ ಕುಸಿತ ಕಡಿದಾಗಿರುತ್ತದೆ, ಮೊದಲಿನ ಮಟ್ಟಕ್ಕೆ ಮರಳುವುದು ಮಾತ್ರ ಯಾವಾಗಲೂ ನಿಧಾನ.

ಬಲವನ್ನು ಮಿತಿಮೀರಿ ಏರಿಸುವುದು. ಹತ್ತಿರದ ಒಂದು ಮಿಂಚಿಗೇ ಸೌಂಡ್ ಕಾರ್ಡ್ ತುಂಬಿ ಹೋದರೆ ಇಲ್ಲದ ಆವರ್ತನಗಳು ಪರದೆಯ ಮೇಲೆ ಹುಟ್ಟಿಕೊಳ್ಳುತ್ತವೆ. ಚಟಪಟ ಸದ್ದುಗಳ ತುದಿ ಪೂರ್ಣ ಅಳತೆಯ ಅರ್ಧ ದಾಟದಂತೆ ನೋಡಿಕೊಳ್ಳಿ.

ಸುರುಳಿಯನ್ನು ನಡುವೆ ಅಲುಗಿಸುವುದು. ಬಟ್ಟೆ ಒಣಗಿಸಲು ಬಂದವರು ಚೌಕಟ್ಟನ್ನು ಒಂದಿಷ್ಟು ತಿರುಗಿಸಿದರೂ ಹಿಂದಿನ ದಿನದ ರೇಖೆಯ ಜೊತೆ ಹೋಲಿಕೆ ಕೆಡುತ್ತದೆ. ನೆಲಕ್ಕೆ ಬಣ್ಣದಲ್ಲಿ ಗುರುತು ಹಾಕಿ, ಚೌಕಟ್ಟನ್ನು ಬಿಗಿಯಾಗಿ ಕಟ್ಟಿ.

ಗ್ರಹಣಕ್ಕೆ ಸಿದ್ಧತೆ

2009ರ ಜುಲೈ 22ರ ಸಂಪೂರ್ಣ ಸೂರ್ಯಗ್ರಹಣದ ದಿನ ಭಾರತದ ಹಲವು ಊರುಗಳಲ್ಲಿ ಏಕಕಾಲಕ್ಕೆ ವಿಟಿಎಕ್ಸ್ ಸಂಕೇತವನ್ನು ದಾಖಲಿಸಿ, ಚಂದ್ರನ ನೆರಳು ಹಾದಾಗ ಡಿ ಪದರ ಹೇಗೆ ಸ್ಪಂದಿಸಿತು ಎಂದು ವಿಜ್ಞಾನಿಗಳು ಅಧ್ಯಯನ ಮಾಡಿದರು. 2027ರ ಆಗಸ್ಟ್ 2ರಂದು ಉತ್ತರ ಆಫ್ರಿಕಾ, ಅರೇಬಿಯಾ ಮೇಲೆ ಹಾಯುವ ಸಂಪೂರ್ಣ ಗ್ರಹಣ ನಮ್ಮಲ್ಲಿ ಸಂಜೆಯ ಹೊತ್ತು ಪಾರ್ಶ್ವಗ್ರಹಣವಾಗಿ ಕಾಣಲಿದೆ. ಸಂಜೆಯಲ್ಲಿ ರೇಖೆ ಹೇಗೂ ಬದಲಾಗುವುದರಿಂದ ಗ್ರಹಣದ ಪಾಲನ್ನು ಬೇರ್ಪಡಿಸುವುದು ಸುಲಭವಲ್ಲ. ಜುಲೈ 25ರಿಂದಲೇ ದಾಖಲೆ ಶುರುಮಾಡಿ, ಆಗಸ್ಟ್ 9ರವರೆಗೆ ನಿಲ್ಲಿಸಬೇಡಿ, ಹಿಂದಿನ ಮುಂದಿನ ದಿನಗಳ ಸರಾಸರಿಯನ್ನು ಗ್ರಹಣದ ದಿನದ ರೇಖೆಯಿಂದ ಕಳೆಯಿರಿ. ಅದು ಮುಂಗಾರಿನ ನಡುಗಾಲ, ಆದ್ದರಿಂದ ಸುರುಳಿಯನ್ನು ತಾರಸಿಯ ಬದಲು ಮನೆಯೊಳಗೆ, ಕಬ್ಬಿಣದ ಗ್ರಿಲ್‌ನಿಂದ ದೂರದ ಗೋಡೆಗೆ ಒರಗಿಸಿ ಇಡಿ. ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ ಒಬ್ಬೊಬ್ಬ ಗೆಳೆಯರು ಇದೇ ಅಳತೆಯ ಸುರುಳಿ ಕಟ್ಟಿದರೆ ನಾಲ್ಕು ರೇಖೆಗಳನ್ನು ಒಂದರ ಮೇಲೊಂದಿಟ್ಟು ನೋಡಬಹುದು. ಫೈಲಿನ ಹೆಸರಿನಲ್ಲಿ ಊರು, ದಿನಾಂಕ, ಆವರ್ತನ, ಚೌಕಟ್ಟಿನ ದಿಕ್ಕು ನಾಲ್ಕನ್ನೂ ಬರೆಯಲು ಎಲ್ಲರಿಗೂ ಮೊದಲೇ ಹೇಳಿಡಿ.